ಗುಬ್ಬಿಯ ಸರದಿ

ನಮ್ಮ ವಿಶೇಷ ಮಕ್ಕಳ ತರಗತಿಯಲ್ಲಿ ಆಗ ಏಳು ಮಕ್ಕಳಿದ್ದರು. ಚಳಿಗಾಲದ ರಜೆಗೆ ಮುಂಚಿನ ದಿನ ಪ್ರತಿ ಮಗುವೂ ತನ್ನ ಮನೆಯ ಹಬ್ಬವನ್ನು ಶಾಲೆಗೆ ತರಲಿ ಎಂದು ನಾನೇ ಹೇಳಿದ್ದೆ. ಒಬ್ಬರ ಮನೆಯಲ್ಲಿ ದೀಪ, ಇನ್ನೊಬ್ಬರಲ್ಲಿ ಹಾಡು, ಮತ್ತೊಬ್ಬರಲ್ಲಿ ಉಪವಾಸ ಮುಗಿದ ಮೇಲಿನ ಊಟ. ದೇವರುಗಳು ಬೇರೆ ಬೇರೆ, ಚಳಿ ಮಾತ್ರ ಎಲ್ಲರಿಗೂ ಒಂದೇ.

ಗುಬ್ಬಿಗೆ ಒಂಬತ್ತು ವರ್ಷ. ಆ ಹೆಸರಿಟ್ಟವರು ಅವಳ ಅಜ್ಜಿ, ಬಟ್ಟೆ ಹೊಲಿದು ಅವಳನ್ನು ಸಾಕುತ್ತಿದ್ದವರು. ಮಾತೇ ಆಡದ ಮಗುವಿಗೆ ಗುಬ್ಬಿ ಅಂತ ಯಾಕಿಟ್ಟಿರಿ ಎಂದು ಒಮ್ಮೆ ಕೇಳಿದ್ದೆ. "ಒಳಗೊಳಗೇ ಚಿಲಿಪಿಲಿ ಅಂತಾಳೆ ಟೀಚರಮ್ಮ, ನಿಮ್ಮ ಕಿವಿಗೆ ಬೀಳಲ್ಲ ಅಷ್ಟೆ" ಎಂದು ನಕ್ಕಿದ್ದರು.

ಅವರ ಹಬ್ಬದಲ್ಲಿ ಮನೆಯ ಕಿರಿಯರು ಬಾಗಿಲು ತೆರೆದು, ಹೊರಗೆ ಚಳಿಯಲ್ಲಿ ನಿಂತ ನೆಂಟರನ್ನು "ಬನ್ನಿ" ಎಂದು ಕರೆಯಬೇಕು. ಇಷ್ಟು ವರ್ಷ ಗುಬ್ಬಿಯ ಬದಲು ಅಜ್ಜಿಯೇ ಕರೆಯುತ್ತಿದ್ದರು. ಈ ಸಲ ಮೂರು ವಾರ ಅವಳನ್ನು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡು ಆ ಒಂದು ಮಾತನ್ನು ಕಲಿಸಿದ್ದರು.

"ಬಾಯಿಗೆ ಬಂತು ಟೀಚರಮ್ಮ!" ಎಂದರು ಅಜ್ಜಿ, ಅಂದು ಬೆಳಿಗ್ಗೆ. " ನಿನ್ನೆ ಎರಡು ಸಲ ಅಂದಳು. ಇಲ್ಲಿ ನಾಲ್ಕು ಜನರ ಮುಂದೆ ಒಂದು ಸಲ ಅಂದುಬಿಟ್ರೆ ಸಾಕು, ಹಬ್ಬದ ದಿನ ಧೈರ್ಯವಾಗಿ ಅಂತಾಳೆ."

ನಮ್ಮ ಗೋಡೆಯ ಮೇಲೆ ದಿನದ ಪಟ್ಟಿ ಚಿತ್ರಗಳಲ್ಲಿರುತ್ತದೆ. ಮಣಿ ಪೋಣಿಸುವುದು, ಆಮೇಲೆ ಹಾಲು, ಆಮೇಲೆ ಆಟ. ಮುಂದೇನು ಎಂದು ಗೊತ್ತಿದ್ದರೆ ನಮ್ಮ ಮಕ್ಕಳು ನಿರಾಳ. ಚಿತ್ರ ಬದಲಿಸದೆ ಕೆಲಸ ಬದಲಿಸಬಾರದು ಎಂದು ಹೊಸ ಟೀಚರುಗಳಿಗೆ ಮೊದಲ ದಿನವೇ ಹೇಳುವವಳು ನಾನು. ಅಂದು ಹಾಲಿನ ನಂತರ ಗುಬ್ಬಿಯ ಫೋಟೊ, ಪಕ್ಕದಲ್ಲಿ ಒಂದು ಬಾಗಿಲಿನ ಚಿತ್ರ.

ಮಕ್ಕಳು ಹಾಲು ಕುಡಿಯುತ್ತಿರುವಾಗ ಇಲಾಖೆಯ ಸಾಹೇಬರು ಬಂದರು. ಹದಿನೆಂಟು ವರ್ಷಗಳಲ್ಲಿ ಮೇಲಿನವರು ಯಾರೂ ನನ್ನ ಕೋಣೆಗೆ ಕಾಲಿಟ್ಟಿರಲಿಲ್ಲ.

"ಜಾಸ್ತಿ ಹೊತ್ತು ಇರಕ್ಕಾಗಲ್ಲ. ಹಾಡು ಗೀಡು ಏನಾದ್ರೂ ಇದೆಯಾ?"

ಚೆನ್ನಾಗಿ ಹಾಡುವ ಹುಡುಗಿಯೊಬ್ಬಳಿದ್ದಳು. ನಾವೆಲ್ಲ ಅವಳನ್ನು ರೇಡಿಯೊ ಎನ್ನುತ್ತಿದ್ದೆವು. ಅವಳ ಸರದಿ ಕೊನೆಯದು. ಬರುತ್ತದೋ ಇಲ್ಲವೋ ತಿಳಿಯದ ಒಂದು ಮಾತಿಗಾಗಿ ಸಾಹೇಬರನ್ನು ಕಾಯಿಸುವುದೇ? ರೇಡಿಯೊ ಹುಡುಗಿಯ ಕೈ ಹಿಡಿದು ಮುಂದೆ ನಿಲ್ಲಿಸಿದೆ.

ಗುಬ್ಬಿ ಆಗಲೇ ಲೋಟ ಇಟ್ಟು, ಪಟ್ಟಿ ನೋಡಿ, ಬಾಗಿಲ ಚಿಲಕ ಹಿಡಿದು ನಿಂತಿದ್ದಳು. ಹೊರಗೆ ನೆಂಟರಾಗಿ ಅಜ್ಜಿ ಕಾಯುತ್ತಿದ್ದರು.

"ಟೀಚರ್, ಚಿತ್ರ ಹಾಗೇ ಇದೆ" ಎಂದು ನಮ್ಮ ತರಗತಿಯ ಆಯಾ ಪಿಸುಗುಟ್ಟಿದಳು.

"ಐದೇ ನಿಮಿಷ ಕಣೇ. ಅವಳನ್ನ ಕೂರಿಸು."

ಐದು ನಿಮಿಷ ನಲವತ್ತಾಯಿತು. ಚಿಲಕದಿಂದ ಆ ಬೆರಳುಗಳನ್ನು ಆಯಾ ಒಂದೊಂದಾಗಿ ಬಿಡಿಸಿದ್ದನ್ನು ಕಂಡೂ ನಾನು ತಾಳ ಹಾಕುತ್ತಿದ್ದೆ. ಸಾಹೇಬರು "ಭೇಷ್ ಮೇಡಂ" ಎಂದರು, ಫೋಟೊ ತೆಗೆಸಿಕೊಂಡರು. ಹೊಗಳಿಕೆಗೆ ನಾನು ಅಷ್ಟು ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಹೊರಡಲೆಂದು ಬಾಗಿಲು ತೆರೆದಾಗ ಅಜ್ಜಿ ನಗುತ್ತಾ ಒಂದು ಹೆಜ್ಜೆ ಮುಂದಿಟ್ಟರು. ಎದುರಿಗೆ ಸಾಹೇಬರನ್ನು ಕಂಡು ಪಕ್ಕಕ್ಕೆ ಸರಿದರು. ಗುಬ್ಬಿ ಮೇಜಿನ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡು ತೂಗಾಡುತ್ತಿದ್ದಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ.

"ಹೋಗ್ಲಿ ಬಿಡಿ. ದೊಡ್ಡವರು ಬಂದಾಗ ನೀವಾದ್ರೂ ಏನ್ಮಾಡ್ತೀರಿ" ಎಂದರು ಅಜ್ಜಿ. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ರಜೆ ಮುಗಿದ ದಿನ ಗೇಟಿನಲ್ಲೇ ಕೇಳಿದೆ, "ಹಬ್ಬದ ದಿನ ಅಂದಳಾ?"

"ಬಾಗಿಲ ಹತ್ತಿರಾನೇ ಬರ್ಲಿಲ್ಲ. ನಾನೇ ಕರೆದೆ. ನನಗೇನು, ಅಭ್ಯಾಸ ಇದೆಯಲ್ಲ" ಎಂದು ಮೊಮ್ಮಗಳ ಸ್ವೆಟರಿನ ಗುಂಡಿ ಹಾಕತೊಡಗಿದರು.

ಆಮೇಲೆ ಒಂದು ದಿನವೂ ನಾನು ಚಿತ್ರ ತಪ್ಪಿಸಿಲ್ಲ. ಉಳಿದ ಮಕ್ಕಳು ಪಟ್ಟಿ ನೋಡಿ ಎದ್ದು ಹೋಗುತ್ತಾರೆ. ಗುಬ್ಬಿಯೂ ನೋಡುತ್ತಾಳೆ. ಆದರೆ ಅಷ್ಟಕ್ಕೇ ಏಳುವುದಿಲ್ಲ. ತಿರುಗಿ ನನ್ನ ಮುಖವನ್ನು ದಿಟ್ಟಿಸುತ್ತಾಳೆ. ನಾನು ತಲೆಯಾಡಿಸಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಾಳೆ.

"ಏನ್ ಟೀಚರ್, ನಿಮ್ಮ ಮುಖಾನೇ ನೋಡ್ತಾಳೆ! ಪ್ರೀತಿ ಜಾಸ್ತಿ ಆಗಿರ್ಬೇಕು" ಎಂದಳು ಆಯಾ.

ಚಿತ್ರವೊಂದನ್ನೇ ಗುಬ್ಬಿ ಇನ್ನು ನಂಬುವುದಿಲ್ಲವೆಂದು ಗೊತ್ತಿದ್ದ ನಾನು, ಅವಳತ್ತ ಇನ್ನೊಮ್ಮೆ ತಲೆಯಾಡಿಸಿದೆ.