ಮೂಲೆ ದಾಟುವ ಉಪಾಯ

ಗಂಡು ಎಲ್ಕ್ ಹೊಡೆಯುವ ಪರವಾನಗಿ ಲಾಟರಿಯಲ್ಲಿ ಬಂದ ದಿನ ನನ್ನ ಗಂಡ ಹಾಲ್ವರ್ ಅಡುಗೆಮನೆಯಲ್ಲಿ ನನ್ನನ್ನು ಎತ್ತಿ ತಿರುಗಿಸಲು ಹೋಗಿ ಸೊಂಟ ಹಿಡಿಸಿಕೊಂಡ. ತಪ್ಪು ಅವನದಲ್ಲ. ಮದುವೆಯ ದಿನ ಎತ್ತಿದವಳೇ ಇನ್ನೂ ಇದ್ದಾಳೆ ಎಂದು ತಿಳಿದಿದ್ದ. ಎಷ್ಟೋ ವರ್ಷಗಳಿಂದ ಪ್ರತಿ ವಸಂತದಲ್ಲೂ ಅರ್ಜಿ ಹಾಕುತ್ತಿದ್ದ, ಪ್ರತಿ ಬೇಸಿಗೆಯಲ್ಲೂ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದ. ಈ ಸಲ ಬಂತು. ಕುದುರೆ ಗಾತ್ರದ ಆ ಜಿಂಕೆಯನ್ನು ಹೊಡೆಯುವ ಅವಕಾಶ ಅವನ ವಯಸ್ಸಿಗೆ, ಅವನ ಮೊಣಕಾಲಿಗೆ ಇನ್ನೊಮ್ಮೆ ಸಿಗುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತೊಡಕು ಇದ್ದದ್ದು ಜಾಗದ್ದು. ನಮ್ಮ ಮಾಂಟಾನಾದ ಈ ಕಣಿವೆಯ ನಕಾಶೆ ಚದುರಂಗದ ಮಣೆಯಂತಿದೆ. ಒಂದು ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿ, ಅದರಾಚೆಯದು ಮತ್ತೆ ಸರ್ಕಾರದ್ದು. ಸರ್ಕಾರಿ ಚೌಕದಲ್ಲಿ ಯಾರು ಬೇಕಾದರೂ ಬೇಟೆಯಾಡಬಹುದು, ಆದರೆ ಅಲ್ಲಿಗೆ ಹೋಗಿ ಸೇರುವುದು ಹೇಗೆ ಎಂಬುದು ಅವರವರ ಹಣೆಬರಹ. ಎಲ್ಕ್‌ಗಳಿರುವುದು ಮಡ್ ಕ್ರೀಕ್ ಹಿಂದಿನ ಗುಡ್ಡದ ಚೌಕದಲ್ಲಿ. ಅದಕ್ಕೆ ರಸ್ತೆಯಿಲ್ಲ. ರಸ್ತೆ ಪಕ್ಕದ ಸರ್ಕಾರಿ ಚೌಕಕ್ಕೂ ಅದಕ್ಕೂ ಒಂದೇ ಒಂದು ಮೂಲೆ ತಾಗುತ್ತದೆ. ಉಳಿದ ಎರಡು ಕಡೆಯೂ ಹಾಲ್ವರ್‌ನ ತಂಗಿ ಸಿಗ್ನೆಯ ಜಮೀನು.

"ಹೋಗಿ ಸಿಗ್ನೆ ಹತ್ರ ಒಂದ್ ಮಾತು ಕೇಳು. ಅವಳ ಗೇಟಿಂದ ಹೋದ್ರೆ ಗಾಡೀಲೇ ಗುಡ್ಡದ ಬುಡಕ್ಕೆ ಹೋಗಬಹುದು" ಎಂದೆ.

"ಸಾಯ್ತೀನಿ, ಕೇಳಲ್ಲ."

"ಮೊದಲು ಸತ್ತು ಆಮೇಲೆ ಬೇಟೆಗೆ ಹೋಗೋದು ಹೇಗೆ ಮಾರಾಯ?"

ಸಿಟ್ಟಿನ ಮೂಲ ಒಂದು ಡಬ್ಬಿ ಬಣ್ಣ. ಇಲ್ಲಿ ಬೇಲಿಯ ಕಂಬಕ್ಕೆ ಕಿತ್ತಳೆ ಬಣ್ಣ ಬಳಿದರೆ ಅಪ್ಪಣೆಯಿಲ್ಲದೆ ಒಳಗೆ ಬರಬೇಡಿ ಎಂದರ್ಥ. ಇವರಪ್ಪ ತೀರಿಕೊಂಡ ಮೇಲೆ ಜಮೀನು ಸಿಗ್ನೆಯ ಪಾಲಿಗೆ ಹೋಯಿತು. ಊರಲ್ಲೇ ಉಳಿದು ದನ ನೋಡಿಕೊಂಡವಳು ಅವಳು, ಇವನು ಜಲ್ಲಿ ಲಾರಿ ಓಡಿಸುತ್ತಿದ್ದವನು. ಅದಕ್ಕೆ ಹಾಲ್ವರ್ ತುಟಿ ಪಿಟಕ್ಕೆನ್ನಲಿಲ್ಲ, ನಾನು ಸಾಕ್ಷಿ. ಆದರೆ ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಎಲ್ಲ ಕಂಬಗಳಿಗೂ, ಅಪ್ಪ ಕೈಯಾರೆ ಮಾಡಿದ ಗೇಟಿಗೂ ಬಣ್ಣ ಬಳಿದಳು. ಅದನ್ನು ನೋಡಿ ಇವನು ಲಾರಿ ತಿರುಗಿಸಿಕೊಂಡು ಬಂದವನು ಮತ್ತೆ ಆ ಕಡೆ ಹೋಗಲಿಲ್ಲ. ನಾನು ಮತ್ತು ಸಿಗ್ನೆ ಮಾತ್ರ ಚರ್ಚಿನ ಹಿಂಬಾಗಿಲಲ್ಲಿ ಜಾಮ್ ಬಾಟಲಿ ಬದಲಾಯಿಸಿಕೊಳ್ಳುತ್ತಾ ನೆಂಟಸ್ತಿಕೆ ಉಳಿಸಿಕೊಂಡಿದ್ದೆವು. "ಅವನೇ ಬರಲಿ" ಎಂದು ಅವಳು. "ಅವಳೇ ಕರೀಲಿ" ಎಂದು ಇವನು. ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಕುಟ್ಟಬೇಕು ಎನಿಸುತ್ತಿತ್ತು.

ಇನ್ನು ಉಪಾಯದ ವಿಷಯ. ಬೇಸಿಗೆಯುದ್ದಕ್ಕೂ ನಮ್ಮ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಚಮಚಗಳು ಬೇಲಿ, ಉಪ್ಪಿನ ಡಬ್ಬಿ ಹಾಲ್ವರ್, ಮೆಣಸಿನ ಡಬ್ಬಿ ನಾನು, ಕೆಚಪ್ ಬಾಟಲಿ ಎಲ್ಕ್.

"ನೋಡು ಆರ್ಡಿಸ್, ನಾಲ್ಕು ಚೌಕ ಈ ಒಂದು ಚುಕ್ಕೀಲಿ ಸೇರುತ್ತೆ. ನಾನು ಇಲ್ಲಿಂದ ಅಲ್ಲಿಗೆ ಅಡ್ಡಡ್ಡ ಕಾಲಿಟ್ರೆ ಅವಳ ಹುಲ್ಲುಕಡ್ಡಿ ಕೂಡ ತುಳಿಯಲ್ಲ. ಏನಂತೀಯ?"

"ನಿನ್ನ ಹೊಟ್ಟೆ ಯಾರ ಜಾಗದ ಮೇಲೆ ಹೋಗುತ್ತೆ?"

"ಹೊಟ್ಟೆ ಗಾಳೀಲಿರುತ್ತೆ."

"ಗಾಳಿ ಯಾರದ್ದು?"

ಮೂಲೆ ದಾಟುವುದು ಸರಿಯೋ ತಪ್ಪೋ ಎಂದು ವಕೀಲರೇ ಇನ್ನೂ ಕಿತ್ತಾಡುತ್ತಿದ್ದಾರೆ, ಜಲ್ಲಿ ಲಾರಿಯವನು ಏನು ಹೇಳಿಯಾನು? ಆದರೆ ಅವನು ಬಿಡುವ ಆಸಾಮಿಯಲ್ಲ. ನನ್ನ ಅಡುಗೆಮನೆಯ ಎರಡು ಸ್ಟೂಲ್ ಕೇಳಿದ. ಈಚೆಯ ಚೌಕದಲ್ಲಿ ಒಂದು, ಬೇಲಿಯ ಮೇಲಿಂದ ದಾಟಿಸಿ ಆಚೆಯ ಚೌಕದಲ್ಲಿ ಒಂದು. ಸ್ಟೂಲಿನಿಂದ ಸ್ಟೂಲಿಗೆ ಹೆಜ್ಜೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅಭ್ಯಾಸ ಶುರುವಾಯಿತು. ಬೇಟೆಗಾರರ ಕಿತ್ತಳೆ ಜಾಕೆಟ್ ತೊಟ್ಟು, ಬಂದೂಕಿನ ಬದಲು ಪೊರಕೆ ಹಿಡಿದು, ಒಂದು ಕಾಲು ಎತ್ತಿ ನಿಂತ ಅವನನ್ನು ನೋಡಿ ಪಕ್ಕದ ಮನೆಯ ವಿಡೋರಾ ಬೇಲಿಯ ಮೇಲಿಂದ, "ಆರ್ಡಿಸ್, ಡಾಕ್ಟರಿಗೆ ತೋರಿಸಿದ್ಯಾ?" ಎಂದು ಕೇಳಿದಳು.

"ತೋರಿಸಿದೆ. ಮೊಣಕಾಲು ಮಾತ್ರ ಕೆಟ್ಟಿದೆಯಂತೆ" ಎಂದೆ.

ನನ್ನ ತವರಿನ ಸೋದರಳಿಯ ಬಂದಾಗ ಫೋನಿನಲ್ಲಿ ಗಡಿ ತೋರಿಸುವ ನಕಾಶೆ ಹಾಕಿಕೊಡುತ್ತೇನೆ ಎಂದ. ನಾವು ಎಲ್ಲಿ ನಿಂತಿದ್ದೇವೆಯೋ ಅಲ್ಲಿ ನೀಲಿ ಚುಕ್ಕೆ ಬರುತ್ತದಂತೆ. ಹಾಲ್ವರ್ ಅವನನ್ನು ಕೆಕ್ಕರಿಸಿ ನೋಡಿದ.

"ಆ ಬೇಲಿ ಕಂಬಕ್ಕೆ ಗುಂಡಿ ತೋಡಿದ್ದೇ ನಾನು ಕಣಯ್ಯ, ಅಪ್ಪನ ಜೊತೆ. ಆ ಮೂಲೆ ಎಲ್ಲಿದೆ ಅಂತ ನನಗೆ ಫೋನು ಹೇಳಿಕೊಡುತ್ತಾ?"

ಅಕ್ಟೋಬರ್ ಕೊನೆಯಲ್ಲಿ ಬೇಟೆಯ ಮೊದಲ ದಿನ ಬಂತು. ಬೆಳಕು ಹರಿಯುವ ಮುಂಚೆಯೇ ಹೊರಟೆವು. ಅವನ ಹೆಗಲಿಗೆ ಬಂದೂಕು, ನನ್ನ ಎರಡು ಕೈಗೂ ಒಂದೊಂದು ಸ್ಟೂಲು. ನೆಲವೆಲ್ಲ ಗರಿಗರಿ ಹಿಮ. ಬೇಲಿಯ ಮೂಲೆ ಸೇರಿ ತಾಡಪಾಲು ಹಾಸಿ, ಒಲೆ ಹಚ್ಚಿ ಸಾಸೇಜ್ ಹುರಿದುಕೊಟ್ಟೆ. ಅವನು ತಿನ್ನುತ್ತಾ ಬೇಲಿಯ ಕಡೆ ಹೆಮ್ಮೆಯಿಂದ ನೋಡುತ್ತಿದ್ದ.

"ಸಿಗ್ನೆಗೆ ಒಂದು ದಮ್ಮಡಿ ಉಪಕಾರ ಹೊರಿಸಿಕೊಳ್ಳದೆ ಹೋಗ್ತೀನಿ ನೋಡು" ಎಂದ.

ದೂರದಲ್ಲಿ ಗುಡ್ಡದ ಆಚೆಯಿಂದ ಬೇರೆ ಬೇಟೆಗಾರರ ಗುಂಡಿನ ಸದ್ದು ಕೇಳತೊಡಗಿತು. ಹಾಲ್ವರ್ ಎದ್ದ. ಎರಡನೇ ಸ್ಟೂಲನ್ನು ಬೇಲಿಯ ಮೇಲಿಂದ ಅಡ್ಡಡ್ಡಕ್ಕೆ ಆಚೆ ಇಳಿಸಿದ. ಬೇಲಿ ದಾಟುವಾಗ ಬಂದೂಕು ಕೈಯಲ್ಲಿರಬಾರದು ಎಂಬುದು ಅವನಪ್ಪ ಕಲಿಸಿದ ಪಾಠ. ಗುಂಡುಗಳನ್ನು ತೆಗೆದು ಬಂದೂಕಿನ ಜೊತೆ ನನಗೆ ಕೊಟ್ಟ. ಮೊದಲ ಸ್ಟೂಲು ಹತ್ತಿದ. ಒಂದು ಕಾಲು ಆಚೆ ಇಟ್ಟ. ಇನ್ನೊಂದು ಕಾಲು ಎತ್ತಬೇಕು, ಮೊಣಕಾಲು ಒಪ್ಪಲಿಲ್ಲ. ಮುಳ್ಳುತಂತಿ ಎಲ್ಲಿ ಸಿಕ್ಕಿಕೊಳ್ಳಬಾರದೋ ಅಲ್ಲೇ ಸಿಕ್ಕಿಕೊಂಡಿತು.

"ಆರ್ಡಿಸ್" ಎಂದ ಮೆಲ್ಲಗೆ. "ಅಲ್ಲಾಡಬೇಡ."

"ನಾನೆಲ್ಲಿ ಅಲ್ಲಾಡ್ತಿದ್ದೀನಿ? ತೂಗಾಡ್ತಿರೋದು ನೀನು."

ಆಗ ಬೇಲಿಯ ಈಚೆ ಬದಿಯಲ್ಲೇ ನಾಲ್ಕು ಚಕ್ರದ ಪುಟ್ಟ ಗಾಡಿಯೊಂದು ಗುಡುಗುಡು ಎಂದು ಬಂತು. ಹಿಂದೆ ಒಣಹುಲ್ಲಿನ ಕಟ್ಟು, ಮೇಲೆ ಸಿಗ್ನೆ. ಹಳೆಯ ಕೋಟು, ಗಂಡಸರ ಬೂಟು. ಗಾಡಿ ಆರಿಸಿ, ಕೈಗವಸು ತೆಗೆದು, ಅಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆರು ವರ್ಷದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು:

"ಏನ್ ಮಾಡ್ತಿದೀಯ?"

"ಸರ್ಕಾರಿ ಜಾಗದಿಂದ ಸರ್ಕಾರಿ ಜಾಗಕ್ಕೆ ಹೋಗ್ತಿದೀನಿ. ನಿನ್ನ ನೆಲ ಮುಟ್ಟಿಲ್ಲ."

"ಎರಡು ಸ್ಟೂಲೂ ನನ್ನ ನೆಲದ ಮೇಲಿವೆ."

"ಸುಳ್ಳು ಹೇಳ್ಬೇಡ. ಇದು ಅಪ್ಪ ಹಾಕಿದ ಬೇಲಿ."

"ಅಪ್ಪ ಹಾಕಿದ ಬೇಲೀನೇ. ಗಡಿ ಅಲ್ಲ." ಅವಳು ನಮ್ಮ ಬೆನ್ನಹಿಂದೆ, ರಸ್ತೆ ಕಡೆಗೆ, ಒಂದು ದೊಡ್ಡ ಬಂಡೆಯನ್ನು ತೋರಿಸಿದಳು. "ಸರ್ವೆಯವರ ಗಡಿ ಗುರುತಿನ ಹಿತ್ತಾಳೆ ಬಿಲ್ಲೆ ಅಲ್ಲಿದೆ. ಬಂಡೇಲಿ ಗುಂಡಿ ತೋಡಕ್ಕಾಗಲ್ಲ ಅಂತ ಅಪ್ಪ ಬೇಲೀನ ಒಳಗಡೆಗೆ ಸರಿಸಿದ್ರು. ಗುಂಡಿ ತೋಡಿದೋನು ನೀನೇ, ನೆನಪಿಲ್ವಾ? ಹಾರೆ ಮುರಿದು ಅಪ್ಪನ ಹತ್ರ ಬೈಸ್ಕೊಂಡಿದ್ದೆ."

ಹಾಲ್ವರ್ ಬಂಡೆ ನೋಡಿದ. ಬೇಲಿ ನೋಡಿದ. ನೆನಪಾಯಿತು ಎಂದು ಅವನ ಕಿವಿ ಕೆಂಪಾದದ್ದರಿಂದಲೇ ತಿಳಿಯಿತು. ನಮ್ಮ ಕಡೆ ಹುಟ್ಟಿ ಬೆಳೆದವರೆಲ್ಲ ಮಾಡುವ ತಪ್ಪೇ ಇದು. ಬೇಲಿ ಕಂಡರೆ ಅದೇ ಗಡಿ ಎಂದುಕೊಳ್ಳುತ್ತೇವೆ. ಬೇಲಿ ಹಾಕುವವನು ಮಣ್ಣು ಮೆತ್ತಗಿರುವ ಕಡೆ ಹಾಕುತ್ತಾನೆ ಎಂಬುದನ್ನು, ತಾನೇ ಹಾಕಿದ್ದರೂ ಮರೆತುಬಿಡುತ್ತೇವೆ.

"ಹಾಗಾದ್ರೆ ನಾವು ಸಾಸೇಜ್ ತಿಂದದ್ದು?" ಎಂದೆ.

"ನನ್ನ ಜಮೀನಲ್ಲಿ, ಅತ್ತಿಗೆ. ಇನ್ನೊಂದಿದ್ರೆ ಕೊಡಿ."

ಕೊಟ್ಟೆ. ಆಮೇಲೆ ನಾವಿಬ್ಬರೂ ಸೇರಿ ಹಾಲ್ವರ್‌ನನ್ನು ತಂತಿಯಿಂದ ಬಿಡಿಸಿ ಈಚೆ ಇಳಿಸಿದೆವು. ಪ್ಯಾಂಟು ಹರಿದಿತ್ತು, ಮರ್ಯಾದೆಯ ಬಗ್ಗೆ ಹೇಳಲಾರೆ.

ಆಗಲೇ ಬೇಲಿಯಾಚೆ, ಸಿಗ್ನೆಯ ಹುಲ್ಲುಗಾವಲಿನಲ್ಲಿ ಅವು ಕಾಣಿಸಿದವು. ಗುಂಡಿನ ಸದ್ದಿಗೆ ಸರ್ಕಾರಿ ಗುಡ್ಡ ಬಿಟ್ಟು ಖಾಸಗಿ ಹುಲ್ಲಿಗೆ ಬಂದು ನಿಂತಿದ್ದವು ಹೆಣ್ಣು ಎಲ್ಕ್‌ಗಳೆಲ್ಲ. ಪರವಾನಗಿಯ ನಿಯಮ ನಮಗಿಂತ ಚೆನ್ನಾಗಿ ಅವಕ್ಕೇ ಗೊತ್ತು. ಹುಲ್ಲು ತರುವ ಗಾಡಿಯ ಸದ್ದು ಕೇಳಿ ಅಭ್ಯಾಸವಾಗಿದ್ದರಿಂದ ತಲೆಯೆತ್ತಿಯೂ ನೋಡಲಿಲ್ಲ. ಅವುಗಳ ಹಿಂದೆ ಪೊದೆಯಿಂದ ಗಂಡು ಬಂತು. ಅಂಥ ಕೊಂಬನ್ನು ನಾನು ಗೋಡೆಯ ಮೇಲೂ ನೋಡಿರಲಿಲ್ಲ. ಉಸಿರು ಹಬೆಯಾಗಿ ಏಳುತ್ತಿತ್ತು. ಗುಂಡು ಹಾಕಿ ಬೇಲಿ ಕಂಬಕ್ಕೆ ಬಂದೂಕು ಆನಿಸಿದರೆ ಮುಗಿಯಿತು, ಅಷ್ಟು ದೂರ.

ಹಾಲ್ವರ್ ಎಲ್ಕ್‌ಗೆ ಬೆನ್ನು ಹಾಕಿ ತಂಗಿಯ ಕಡೆ ತಿರುಗಿದ. ಟೋಪಿ ತೆಗೆದ. ಪರವೂರಿನ ಬೇಟೆಗಾರರು ಜಮೀನುದಾರರ ಅಡುಗೆಮನೆ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವಂತೆಯೇ, ಟೋಪಿಯನ್ನು ಎದೆಗೆ ಹಿಡಿದು ನಿಂತ. ನನ್ನ ಗಂಡ ಅಷ್ಟು ತಗ್ಗಿದ್ದನ್ನು ನಾನು ಕಂಡಿರಲಿಲ್ಲ. ಅವನನ್ನು ನೋಡಿ ಅಯ್ಯೋ ಅನಿಸಿತು, ಅಭಿಮಾನವೂ ಬಂತು.

"ಸಿಗ್ನೆ" ಎಂದ. "ನಿನ್ನ ಜಾಗದಲ್ಲಿ ಬೇಟೆಯಾಡೋಕೆ ಅಪ್ಪಣೆ ಕೇಳ್ತಾ ಇದ್ದೀನಿ."

ಅವಳು ನಗುತ್ತಾಳೆ, "ಹೊಡಿ ಹೋಗು" ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಾಡಿಹೋಯಿತು.

"ಅಪ್ಪಣೆನಾ? ನನ್ನ ಹತ್ರಾನಾ?"

"ಬಣ್ಣ ಬಳಿದಿದ್ದೀಯಲ್ಲ. ಮತ್ತೆ ಕೇಳಬೇಡ್ವಾ?"

"ಆ ಬಣ್ಣ ನಿನಗೆ ಅಂದ್ಕೊಂಡ್ಯಾ?" ಅವಳ ದನಿ ಏರಿತು. "ಯಾವನೋ ಊರಾಚೆಯೋನು ನನ್ನ ಹಸೂನ ಎಲ್ಕ್ ಅಂದ್ಕೊಂಡು ಹೊಡೆದು ಹಾಕಿದ. ಅದಕ್ಕೆ ಬಳಿದೆ! ನೀನು ಯಾವಾಗಿಂದ ಊರಾಚೆಯೋನಾದೆ? ಹುಟ್ಟಿದ ಮನೆಗೆ ಬರೋಕೆ ಯಾರಾದ್ರೂ ಟೋಪಿ ತೆಗೀತಾರಾ?"

"ಅಪ್ಪನ ಗೇಟಿಗೂ ಬಳಿದಿದ್ದೆ!"

"ಗೇಟು ಬಿಟ್ಟು ಕಂಬಕ್ಕೆ ಮಾತ್ರ ಬಳಿದ್ರೆ ಎಲ್ಲರೂ ಗೇಟಲ್ಲೇ ಬರ್ತಾರೆ ಕಣೋ ಪೆದ್ದ! ನನ್ನ ಸೊಂಟದ ಆಪರೇಷನ್ ಆದಾಗ ಕಣಿವೆಯವರೆಲ್ಲ ಬಂದ್ರು. ನೀನು? ರಸ್ತೇಲಿ ಆಲೂಗಡ್ಡೆ ಮೂಟೆ ಇಟ್ಟು ಕಳ್ಳನ ಥರ ಓಡಿಹೋದೆ!"

"ಅದು ನಾನೇ ಅಂತ ನಿನಗೆ ಹೇಗೆ ಗೊತ್ತು?"

"ಅರ್ಧಕ್ಕರ್ಧ ಹುಳ ಹಿಡಿದಿದ್ವು. ಇನ್ಯಾರು ಕೊಡ್ತಾರೆ?"

"ಒಂದು ಫೋನ್ ಮಾಡಬಹುದಿತ್ತಲ್ಲ ನೀನು!"

"ನೀನು ಮಾಡಬಹುದಿತ್ತಲ್ಲ!"

ಹೀಗೆ ಶುರುವಾಯಿತು. ಆರು ವರ್ಷದ ಬಾಕಿ ಜಗಳ, ಇಬ್ಬರೂ ಒಟ್ಟಿಗೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಜೋರಾಗಿ. ಅವಳು ಅಳುತ್ತಲೇ ಬೈಯುತ್ತಿದ್ದಳು. ಅವನು ಟೋಪಿಯನ್ನು ಹಿಂಡುತ್ತಾ, "ನನಗೇ ಬಳಿದೆ ಅಂದ್ಕೊಂಡೆ ಕಣೇ, ನನಗೇ ಅಂದ್ಕೊಂಡೆ" ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಕಣ್ಣೂ ತುಂಬಿತ್ತು, ಚಳಿಗೆ ಎಂದು ಆಮೇಲೆ ವಾದಿಸಿದ.

ಅಷ್ಟರಲ್ಲಿ ನಾನು ನೋಡಿದೆ. ಗಂಡು ಎಲ್ಕ್ ತಲೆಯೆತ್ತಿತ್ತು. ಗಲಾಟೆ ಅದಕ್ಕೆ ಹಿಡಿಸಲಿಲ್ಲ. ಓಡಲಿಲ್ಲ, ಮೆಲ್ಲಗೆ ಗುಡ್ಡದ ಕಡೆ ತಿರುಗಿ ನಡೆಯತೊಡಗಿತು. ಪೂರ್ತಿ ಮಗ್ಗುಲು ತೋರಿಸಿಕೊಂಡು, ಬೇಕಾದಷ್ಟು ಹೊತ್ತು.

ನಾನು ತಾಡಪಾಲಿನ ಮೇಲೆ ಕೂತಿದ್ದೆ, ಬಂದೂಕು ನನ್ನ ತೊಡೆಯ ಮೇಲಿತ್ತು. ಗುಂಡುಗಳು ನನ್ನ ಜೇಬಿನಲ್ಲಿದ್ದವು. "ಹಾಲ್ವರ್, ಅಲ್ಲಿ ನೋಡು" ಎಂದರೆ ಸಾಕಿತ್ತು. ಆ ಪ್ರಾಣಿ ಅವನಿಗೆ ಎಷ್ಟು ಬೇಕಾಗಿತ್ತು ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ನಾನು ಬಾಯಿ ತೆರೆದರೆ ಅವರಿಬ್ಬರೂ ಬಾಯಿ ಮುಚ್ಚುತ್ತಿದ್ದರು. ಇವರ ಜಾತಕ ನನಗೆ ಗೊತ್ತು, ಮುಚ್ಚಿದ ಬಾಯಿ ಮತ್ತೆ ತೆರೆಯಲು ಇನ್ನಾರು ವರ್ಷ ಬೇಕು. ನಾನು ಫ್ಲಾಸ್ಕ್ ತೆಗೆದು ಮೂರು ಲೋಟಕ್ಕೆ ಕಾಫಿ ಬಗ್ಗಿಸಿದೆ.

ಎಲ್ಕ್ ದಿಬ್ಬದ ಮೇಲೆ ಒಮ್ಮೆ ನಿಂತು ಆಚೆ ಇಳಿಯಿತು. ಅಷ್ಟರಲ್ಲಿ ಇಬ್ಬರೂ ಕೂಗಿ ಸುಸ್ತಾಗಿದ್ದರು. ಹಾಲ್ವರ್ ಮೂಗು ಒರೆಸಿಕೊಂಡು ಕಾಫಿ ತೆಗೆದುಕೊಂಡ, ತಿರುಗಿ ನೋಡಿದ. ಹುಲ್ಲುಗಾವಲಿನಲ್ಲಿ ಹೆಣ್ಣುಗಳಷ್ಟೇ ಮೇಯುತ್ತಿದ್ದವು.

"ಯಾವಾಗ ಹೋಯ್ತು?" ಎಂದ, ನನ್ನನ್ನೇ ದಿಟ್ಟಿಸಿ.

"ನಾನು ನೋಡ್ಲಿಲ್ಲಪ್ಪ. ಕಾಫಿ ಬಗ್ಗಿಸ್ತಿದ್ದೆ" ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಹೇಳಿದ ದೊಡ್ಡ ಸುಳ್ಳು ಅದು.

ಆಗ ನನಗೆ ಹೊಳೆಯಿತು. ಜಗಳದುದ್ದಕ್ಕೂ ಹಾಲ್ವರ್‌ನ ಬೆನ್ನು ಹುಲ್ಲುಗಾವಲಿನ ಕಡೆಗಿತ್ತು. ಸಿಗ್ನೆಯ ಮುಖ ಹುಲ್ಲುಗಾವಲಿನ ಕಡೆಗಿತ್ತು. ಅವಳು ಲೋಟದ ಅಂಚಿನ ಮೇಲಿಂದ ನನ್ನನ್ನು ಒಮ್ಮೆ ನೋಡಿ, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು.

"ನಾನೂ ನೋಡ್ಲಿಲ್ಲ ಅಣ್ಣ" ಎಂದಳು.