ಎರಡು ಮೋರಿ ಸೇರುವ ಜಾಗ

ಅಪ್ಪನ ಮುಖವನ್ನು ಅವಳು ಎಡಗೈಯಲ್ಲೇ ಒರೆಸುತ್ತಿದ್ದಳು. ಬಲಗೈ ಶಾಲಿನೊಳಗಿತ್ತು.

"ಇದೇನೇ, ಮುಟ್ಟಿದರೆ ಸುಡೋ ಹಾಗೆ ಒರೆಸ್ತೀಯ? ಎರಡೂ ಕೈ ಹಾಕು," ಎಂದಳು ಅತ್ತೆ, ಸತ್ತವನ ಅಕ್ಕ.

"ಸಾಕು ಬಿಡತ್ತೆ."

ಶಾಲಿನೊಳಗೆ ತೋರುಬೆರಳು ಮಿಡಿಯುತ್ತಿತ್ತು. ಅಪ್ಪನ ಕಾಲಿನ ಗಾಯದ ಪಟ್ಟಿಯನ್ನು ದಿನಾ ಬಿಚ್ಚಿ ಕಟ್ಟುತ್ತಿದ್ದ ಬೆರಳು. ನಿನ್ನೆ ಉಗುರಿನ ಬುಡದಲ್ಲಷ್ಟೇ ಇದ್ದ ಕೆಂಪು ಇವತ್ತು ಎರಡನೇ ಗೆಣ್ಣು ದಾಟಿತ್ತು. ಅಪ್ಪನದೂ ಹೀಗೇ ಶುರುವಾದದ್ದು. ಯಾವ ಮಾತ್ರೆಗೂ, ಯಾವ ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ಯಾರಿಗಾದರೂ ತೋರಿಸಿದರೆ ಅಪ್ಪ ಸತ್ತ ಅದೇ ವಾರ್ಡು, ಅದೇ ಕಿಟಕಿ ಪಕ್ಕದ ಮಂಚ.

ಹೊರಗೆ ಅಪ್ಪನ ಜೊತೆಗಾರ, ಅವನಂತೆಯೇ ಮೋರಿ ಬಳಿಯುವವನು, ಯಾರಿಗೋ ಹೇಳುತ್ತಿದ್ದ: "ಮೂವತ್ತು ವರ್ಷ ನನ್ನ ಪಕ್ಕ ಯಾರೂ ಕೂತಿಲ್ಲ, ಅವನೊಬ್ಬನ್ನ ಬಿಟ್ಟು. ಇಬ್ಬರದೂ ಒಂದೇ ನಾತ ನೋಡಿ."

*

ಅಪ್ಪ ಆಸ್ಪತ್ರೆ ಲ್ಯಾಬಿನ ಮೇಡಂಗೆ ಮೋರಿ ನೀರು ತುಂಬಿಕೊಡುತ್ತಿದ್ದ. ಆಸ್ಪತ್ರೆಯ ಮೋರಿಯೂ ದನದ ಕೊಟ್ಟಿಗೆಗಳ ಮೋರಿಯೂ ಸೇರುವ ಕಡೆ ಹಗ್ಗ ಕಟ್ಟಿದ ಬಾಟಲಿ ಇಳಿಸಿ, ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯದನ್ನು ತರುತ್ತಿದ್ದ.

"ರೋಗದ ಹುಳಾನ ತಿನ್ನೋ ಹುಳ ಇದರಲ್ಲಿ ಇರುತ್ತಂತೆ ಕಣಮ್ಮ, ಕಣ್ಣಿಗೆ ಕಾಣಲ್ಲ. ಔಷಧಿಗೆ ಸಾಯದ್ದನ್ನ ಇವು ಸಾಯಿಸ್ತವಂತೆ. ಒಂದೊಂದು ರೋಗಕ್ಕೂ ಬೇರೆ ಬೇರೆ. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗಲ್ವಲ್ಲ, ಹಾಗೆ."

"ಆ ಗಲೀಜು ಮನೆಗೆ ತರಬೇಡಪ್ಪ."

"ಬ್ಲೀಚಿಂಗ್ ಪುಡಿ ಮಾತ್ರ ಸೋಕಿಸಬೇಡ. ಒಳಗಿರೋರು ಹೋಗ್ಬಿಡ್ತಾರೆ."

ಅಪ್ಪ ಮೋರಿಯಲ್ಲಿ ಕಾಲು ಕೊಯ್ದುಕೊಂಡ ದಿನ ತುಂಬಿದ ಬಾಟಲಿ ಬಚ್ಚಲ ಮೂಲೆಯಲ್ಲೇ ಉಳಿಯಿತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ಸಂಜೆ, ಅವನನ್ನು ಹಿಡಿದದ್ದು ಇದೇ ಎಂದು ಹೆದರಿ, ಅವಳು ಅದಕ್ಕೆ ಬ್ಲೀಚಿಂಗ್ ಪುಡಿ ಸುರಿದು ಚೆಲ್ಲಿದಳು.

ನಾಲ್ಕನೆಯ ದಿನ ಜ್ವರದಲ್ಲಿ ಅಪ್ಪ ಕೇಳಿದ: "ಆ ಬಾಟಲಿ ಮೇಡಂಗೆ ಕೊಟ್ಯಾ?"

"ಕೊಟ್ಟೆ," ಎಂದಿದ್ದಳು.

*

ಮಣ್ಣು ಮಾಡಿ ಜನ ಚದುರಿದ ಮೇಲೆ ಲ್ಯಾಬಿನ ಮೇಡಂ ಹತ್ತಿರ ಬಂದಳು.

"ಅವರು ಕೊನೇಲಿ ತುಂಬಿದ ಬಾಟಲಿ ಮನೇಲಿದೆಯಾ? ನಮ್ಮಲ್ಲಿದ್ದ ಯಾವುದೂ ಅವರ ರೋಗಕ್ಕೆ ಹೊಂದಲಿಲ್ಲ."

"ಚೆಲ್ಲಿಬಿಟ್ಟೆ. ಅದರಲ್ಲಿ ಇತ್ತಾ ಮೇಡಂ?"

"ಇತ್ತು ಅನ್ನೋಕಾಗಲ್ಲ. ಇರಲಿಲ್ಲ ಅಂತಾನೂ ಹೇಳಲಾರೆ."

ಅವಳು ಶಾಲು ಸರಿಸಿದಳು. ಮೇಡಂ ಬೆರಳು ನೋಡಿದಳು.

"ಈಗಲೇ ಆಸ್ಪತ್ರೆಗೆ ನಡೀರಿ."

"ಬರ್ತೀನಿ. ಅಪ್ಪ ತುಂಬುತ್ತಿದ್ದ ಜಾಗ ನಿಮಗೆ ಗೊತ್ತಾ?"

"ಇಲ್ಲ."

"ದಾರೀಲೇ ಇದೆ."

ಆಸ್ಪತ್ರೆಯ ಹಿಂಗೋಡೆಯ ಬಳಿ, ಎರಡು ಮೋರಿ ಸೇರುವಲ್ಲಿ, ಅವಳು ಕರೆತಂದ ಅಪ್ಪನ ಜೊತೆಗಾರ ಹಗ್ಗ ಕಟ್ಟಿದ ಬಾಟಲಿ ಇಳಿಬಿಟ್ಟ.

"ಇಲ್ಲೇನಾ?" ಎಂದ.

"ಅಲ್ಲಲ್ಲ, ಇನ್ನೂ ಎಡಕ್ಕೆ. ನೊರೆ ಸುತ್ತುತ್ತಲ್ಲ, ಅಲ್ಲಿ," ಎಂದು ಅವಳು ಬಲಗೈ ಬೆರಳು ಚಾಚಿ ತೋರಿಸಿದಳು.

ಮೂರು ಸಲ ಕುಲುಕಿ ಚೆಲ್ಲಿದ. ನಾಲ್ಕನೆಯ ಸಲ ಬಾಟಲಿ ಗುಳುಗುಳು ಎಂದು ಮುಳುಗಿತು. ಅದು ಮೇಲೆ ಬರುವವರೆಗೂ ಆ ಬೆರಳು, ಬುಡದವರೆಗೆ ಕೆಂಪೇರಿದ್ದು, ಎಲ್ಲರೂ ಕಾಣುವಂತೆ, ನೊರೆಯ ಕಡೆಗೆ ಚಾಚಿಕೊಂಡೇ ಇತ್ತು.