ಹಿತ್ತಲ ಕಡೆಯ ಕೋಣೆ

ಚಿಕ್ಕಮ್ಮನ ಮಂಡಿಗಳು ಕೈಕೊಟ್ಟಿದ್ದವು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ನಿಂತೇ ಇಸ್ತ್ರಿ ಮಾಡಿದವು, ಇನ್ನೆಷ್ಟು ದಿನ ತಾಳಿಯಾವು? ಸಫಾರಿ ಜೀಪು ಹತ್ತುವ ಮಾತೇ ಬೇಡ, ಆ ಕುಲುಕಾಟಕ್ಕೆ ಉಳಿದಷ್ಟೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಒಮ್ಮೆಯಾದರೂ ಕಾಡಾನೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಮಂಡಿಯ ಜೊತೆ ಸವೆದಿರಲಿಲ್ಲ.

"ಜೀಪು ಹತ್ತದವಳು ಕಾಡಿಗೆ ಹೋಗಿ ಏನು ಮಾಡ್ತಾಳಂತೆ? ಸೊಳ್ಳೆ ಎಣಿಸ್ತಾಳಾ?" ಎಂದು ನೆಂಟರು ನಕ್ಕರು.

ಕೆಂಡನ ಮೈ ಉರಿದುಹೋಯಿತು. ಕೆಂಡ ಆಕೆಯ ಅಕ್ಕನ ಮಗ, ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸಿಟ್ಟಿಗೆ ಬಿದ್ದ ಅಡ್ಡಹೆಸರು ಅವನ ನಿಜದ ಹೆಸರನ್ನೇ ನುಂಗಿತ್ತು. ತಾಯಿ ತೀರಿದ ಮೇಲೆ ಅವನನ್ನು ಸಾಕಿದ್ದು ಈ ಚಿಕ್ಕಮ್ಮನೇ. ಆಕೆ ಆನೆಯ ಹತ್ತಿರ ಹೋಗಲಾರಳು ಎಂದರೆ ಆನೆಯೇ ಆಕೆಯ ಹತ್ತಿರ ಬರಬೇಕು. ಬರಬೇಕಾದರೆ ಉಳಿಯುವ ಕೋಣೆ ಸರಿಯಾಗಿರಬೇಕು. ಅಲ್ಲಿ ಎಡವಿದರೆ ಮೂರು ದಿನ ಗೋಡೆ ನೋಡಿಕೊಂಡು ವಾಪಸು ಬರುವುದೇ ಗತಿ.

ಟ್ರಾವೆಲ್ ಆಫೀಸಿನಲ್ಲಿ ಟೈ ಕಟ್ಟಿದವನೊಬ್ಬ ಟ್ಯಾಬ್ ಹಿಡಿದು ಕೂತಿದ್ದ. ಚಿಕ್ಕಮ್ಮನ ಹವಾಯಿ ಚಪ್ಪಲಿ ಕಣ್ಣಿಗೆ ಬಿದ್ದದ್ದೇ ಅವನ ನಗು ಅರ್ಧಕ್ಕಿಳಿಯಿತು. ಕೆಂಡ ಅದನ್ನು ಲೆಕ್ಕಕ್ಕಿಟ್ಟುಕೊಂಡ.

"ಇದು ನೋಡಿ ಅಮ್ಮ, ಸ್ವಿಮ್ಮಿಂಗ್ ಪೂಲ್ ಪಕ್ಕದಲ್ಲೇ ರೂಮು. ಹಾಸಿಗೆ ಮೇಲೆ ಟವೆಲ್ಲಲ್ಲೇ ಆನೆ ಮಾಡಿ ಇಟ್ಟಿರ್ತಾರೆ!"

"ಆ ಆನೆ ನಾನೇ ದಿನಕ್ಕೆ ನಲವತ್ತು ಮಾಡಿದ್ದೀನಿ. ಮುಂದಿಂದು ತೋರ್ಸಪ್ಪ."

ಎರಡನೆಯದು ಗಾಜಿನ ಗೋಡೆಯ ಬಂಗಲೆ. ಚಿಕ್ಕಮ್ಮ ಗಾಜಿನ ಕಡೆ ನೋಡಲೇ ಇಲ್ಲ. ಚಿತ್ರದ ಮೂಲೆಯಲ್ಲಿ, ದೂರದ ಹಗ್ಗದ ಮೇಲೆ ಬಿಳಿ ಬೆಡ್‌ಶೀಟುಗಳು ಒಣಗುತ್ತಿದ್ದವು.

"ಇಲ್ಲಿಗೆ ಕಾಗೆ ಬಿಟ್ಟು ಏನೂ ಬರಲ್ಲ."

"ಅದು ಹೇಗೆ ಹೇಳ್ತೀರಿ?"

"ಮಂಗ ಇರೋ ಕಡೆ ಯಾರಾದ್ರೂ ಬಯಲಲ್ಲಿ ಬಟ್ಟೆ ಹರವ್ತಾರಾ? ಮಂಗಾನೇ ಇಲ್ಲದ್ದು ಎಂಥ ಕಾಡಪ್ಪಾ!"

ಟೈಯವನು ಮೂರನೆಯ ಜಾಗದ ಚಿತ್ರಗಳನ್ನು ಸರಸರ ಸರಿಸುತ್ತ ಹೋದ. ಚಿಕ್ಕಮ್ಮ ಅವನ ಬೆರಳನ್ನು ತಡೆದಳು. "ಹಿಂದಿಂದು."

"ಅದು ಹಿತ್ತಲು, ತಪ್ಪಿ ಸೇರ್ಕೊಂಡಿದೆ."

ಆಕೆ ಕನ್ನಡಕ ಏರಿಸಿ ಬಗ್ಗಿದಳು. ಬಟ್ಟೆ ಒಗೆಯುವ ಚಪ್ಪರ. ಒಣಹಾಕಿದ ಬಟ್ಟೆಗಳ ಸುತ್ತ, ತಲೆಯ ಮೇಲೂ ಸೇರಿ, ತಂತಿಯ ಬಲೆ. ಬಲೆಯ ಒಂದು ಕಂಬ ಬಿಲ್ಲಿನಂತೆ ಬಾಗಿತ್ತು. ಸುತ್ತಲಿನ ಹುಲ್ಲೆಲ್ಲ ಒಣಗಿ ಕಂದಾಗಿದ್ದರೂ ನೀರಿನ ತೊಟ್ಟಿಯಿಂದ ಕೆಳಗೆ ಒಂದೇ ಒಂದು ಹಸಿರು ಪಟ್ಟಿ ಇಳಿದಿತ್ತು.

"ತೊಟ್ಟಿ ತುಂಬಿ ಚೆಲ್ಲಿದ ನೀರು ಇದು. ಬೇಸಿಗೇಲಿ ಇಂಥ ಹುಲ್ಲು ಬಿಟ್ಟು ಯಾರು ಹೋಗ್ತಾರೆ? ಈ ಕಂಬಕ್ಕೆ ಯಾರೋ ಮೈ ಉಜ್ಜಿದ್ದಾರೆ, ನೋಡೋ ಕೆಂಡ."

ಕೆಂಡ ನೋಡಿದ. ಅಷ್ಟು ದಪ್ಪದ ಪೈಪು ಹಾಗೆ ಬಗ್ಗಬೇಕಾದರೆ ಲಾರಿಯೇ ಗುದ್ದಬೇಕು. ಅಲ್ಲಿ ಲಾರಿ ಬರುವ ದಾರಿಯೇ ಇರಲಿಲ್ಲ.

"ಈ ಕಡೆ ಬಾಗಿಲಿರೋ ರೂಮು ಕೊಡು," ಎಂದಳು ಚಿಕ್ಕಮ್ಮ.

ಟೈಯವನು ಕಿಸಕ್ಕೆಂದ. "ಅದನ್ನ ಡ್ರೈವರ್‌ಗಳಿಗೆ ಕೊಡ್ತಾರಮ್ಮ. ನಿಮಗೆ ಅದೇ ಹೊಂದುತ್ತೆ ಅಂದ್ರೆ..."

ಕೆಂಡನ ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು. "ಏನಂದೆ? ಇನ್ನೊಂದು ಸಲ ಅನ್ನು!"

ಚಿಕ್ಕಮ್ಮ ಅವನ ಅಂಗಿಯ ಚುಂಗು ಹಿಡಿದೆಳೆದು ಕೂರಿಸಿದಳು. "ನೀನು ಬರ್ಕೊಳ್ಳಪ್ಪ. ಇವನದು ಯಾವಾಗ್ಲೂ ಇದ್ದದ್ದೇ."

ಕಾಡಿಗೆ ಹೋದ ಮೊದಲ ದಿನ ಆ ಕೋಣೆಯ ಜಗಲಿಯ ಮುಂದೆ ಒಂದು ಮುಂಗುಸಿ ಹಾದುಹೋಯಿತು, ಅಷ್ಟೆ. ಜೀಪಿನಲ್ಲಿ ಹೋದವರು ಹುಲಿಯ ಬಾಲ ಕಂಡೆವೆಂದು ಊಟದ ಮನೆಯಲ್ಲಿ ಕೊಚ್ಚಿಕೊಂಡರು. ಕೆಂಡ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಬೇರೆ ರೂಮು ಕೇಳ್ಲಾ? ಇಲ್ಲಾ ನಾನೇ ಹೊತ್ಕೊಂಡು ಜೀಪಲ್ಲಿ ಕೂರಿಸ್ತೀನಿ."

"ಇಂಜಿನ್ ಕಾದಿದೆ ನಿಂದು. ಬಾನೆಟ್ ಮುಚ್ಕೊಂಡು ಉಣ್ಣು."

ಮರುದಿನ ಬೆಳಗ್ಗೆ ಹತ್ತರ ಬಿಸಿಲು. ಜೀಪುಗಳೆಲ್ಲ ಹೊರಟು ಹಿತ್ತಲು ತಣ್ಣಗಾಗಿತ್ತು. ಚಪ್ಪರದಲ್ಲಿ ಒಗೆಯುತ್ತಿದ್ದ ಹೆಂಗಸೊಬ್ಬಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಬಲೆಯೊಳಗೆ ಸರಿದಳು. ಅಲ್ಲಿಂದ ಜಗಲಿಯತ್ತ ತಿರುಗಿ ತುಟಿಗೆ ಬೆರಳಿಟ್ಟಳು. ಪೊದೆಗಳು ಸದ್ದಿಲ್ಲದೆ ಎರಡಾದವು. ಹಸಿರು ಪಟ್ಟಿಯ ಮೇಲೆ ತಾಯಾನೆ ನಿಂತಿತ್ತು, ಅದರ ಹೊಟ್ಟೆಯಡಿಯಿಂದ ಮರಿ ಇಣುಕುತ್ತಿತ್ತು. ಜಗಲಿಗೂ ಅವಕ್ಕೂ ನಡುವೆ ಇದ್ದದ್ದು ಮೂವತ್ತು ಹೆಜ್ಜೆ ಮತ್ತು ಜಗಲಿಯ ಮುಂದಿನ ಕಂದಕ.

ಚಿಕ್ಕಮ್ಮ ಎದ್ದು ನಿಂತಳು. ಗೋಡೆ ಹಿಡಿಯಲಿಲ್ಲ, ಕೆಂಡನ ಹೆಗಲನ್ನೂ ಹಿಡಿಯಲಿಲ್ಲ.

"ಅಯ್ಯೋ, ಹುಟ್ಟಿದಾಗಿಂದ ಇಸ್ತ್ರೀನೇ ಕಂಡಿಲ್ವಲ್ಲೋ ಇದರ ಸುಕ್ಕು ಮೈ!" ಎಂದು ಪಿಸುಗುಟ್ಟಿದಳು. ಮರಿ ಹುಲ್ಲು ಕಿತ್ತು ತಲೆಯ ಮೇಲೆ ಎರಚಿಕೊಂಡಿತು. ಆಕೆಯ ಭುಜಗಳು ನಗುವಿಗೆ ಅಲುಗಿದವು, ಕೆನ್ನೆ ಒದ್ದೆಯಾಯಿತು.

ಕೆಂಡ ಆನೆಯನ್ನು ನೋಡಿದ, ಆಕೆಯನ್ನು ನೋಡಿದ. ಆಕೆ ಇಸ್ತ್ರಿ ಮಾಡಿದ ಹಾಸಿಗೆಯ ಮೇಲೆ ಮಲಗಿದವರೆಷ್ಟು ಸಾವಿರ ಮಂದಿ! ಒಬ್ಬನಾದರೂ ಆಕೆಯ ಮುಖ ನೋಡಿದ್ದನೇ? ಆಕೆ ಮಾತ್ರ ಒಂದು ಹಗ್ಗ, ಒಂದು ಬಲೆ ನೋಡಿ ಇಡೀ ಕಾಡನ್ನು ಓದಿಬಿಟ್ಟಿದ್ದಳು. ಎಂಥ ಕಣ್ಣು! ಕೂತ್ಕೋ ಚಿಕ್ಕಮ್ಮ, ಮಂಡಿ ನೋಯುತ್ತೆ ಎನ್ನಹೊರಟವನು ತಾನೂ ಆಕೆಯ ಪಕ್ಕ ನಿಂತ.

ಆನೆಗಳು ತೊಟ್ಟಿಯ ನೀರು ಕುಡಿದು ನಿಧಾನಕ್ಕೆ ಹೊರಟುಹೋದವು. ಆಗಲೇ ಆಕೆ ಕೂತದ್ದು, ಎರಡೂ ಮಂಡಿಗಳನ್ನು ಒತ್ತಿಕೊಳ್ಳುತ್ತ.

"ಇನ್ನೆರಡು ದಿನ ಜಾಸ್ತಿ ಈ ರೂಮು ಸಿಗತ್ತಾ ಕೇಳ್ಕೊಂಡು ಬಾ," ಎಂದಳು. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ಕೂಗಿದಳು: "ಕೇಳೋದಷ್ಟೇ ಕಣೋ, ಜಗಳ ಆಡ್ಬೇಡ!"